ಕೂತು ಹೊರಡುವ ಮನೆ

ನಮ್ಮ ಮನೆಯಿಂದ ಯಾರೂ ಸುಮ್ಮನೆ ಎದ್ದು ಹೊರಟುಹೋಗುವಂತಿರಲಿಲ್ಲ. ಹೊರಡುವ ಹೊತ್ತಿಗೆ ಯಾರಾದರೂ ಸೀನಿದರೆ, ಕೋಟು ಹಾಕಿಕೊಂಡಿದ್ದರೂ, ಬೂಟಿನ ಲೇಸು ಕಟ್ಟಿದ್ದರೂ, ಕೈ ಬಾಗಿಲ ಹಿಡಿಕೆಯ ಮೇಲಿದ್ದರೂ, ಎಲ್ಲರೂ ಇದ್ದಲ್ಲಿಯೇ ಕೂರಬೇಕು. ಸೀನಿದವರೂ ಕೂರಬೇಕು. ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ತಾನೂ ಮೆಟ್ಟಿಲ ಮೇಲೆ ಕೂತು, ಉಸಿರು ಹದಕ್ಕೆ ಬರುವಷ್ಟು ಹೊತ್ತು ಬಿಟ್ಟು, ಮೊದಲು ತಾನೇ ಏಳುತ್ತಿದ್ದಳು. ಅವಳು ಎದ್ದ ಮೇಲೆ ಉಳಿದವರು. ಧಾರವಾಡದ ಅವಳ ತವರಿನಲ್ಲಿ ಸೀನು ಒಂದು ಶಕುನ, ಅಪರೂಪಕ್ಕೆ ಬರುವಂಥದ್ದು. ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನಲ್ಲಿ, ಬೇಸಿಗೆಯಲ್ಲಿ, ಹಿತ್ತಿಲಾಚೆಯ ಹುಲ್ಲುಗಾವಲು ಹೂ ಬಿಟ್ಟಾಗ ಸೀನೆಂದರೆ ಹವಾಮಾನ. ಅವ್ವನಿಗೆ ಆ ಹುಲ್ಲಿನ ಪರಾಗ ಆಗಿಬರುತ್ತಿರಲಿಲ್ಲ. ಹಾಗಾಗಿ ಬೇಸಿಗೆಯ ಬೆಳಗುಗಳಲ್ಲಿ ಅಪ್ಪ, ಅವ್ವ, ತಮ್ಮ ಬಸು ಮತ್ತು ನಾನು ಆ ಕಿರಿದಾದ ಹಜಾರದಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕರ ಹಾಗೆ ಸಾಲಾಗಿ ಕೂತಿರುತ್ತಿದ್ದೆವು.

ಅಪ್ಪ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆಯ ಡಾಕ್ಟರು. ಅವರ ಮನೆ ನಡೆಯುತ್ತಿದ್ದದ್ದು ಅಡುಗೆಮನೆಯ ಗಡಿಯಾರದ ಮೇಲೆ. ಬೂಟುಗಳಿಗೆ ಭಾನುವಾರವೇ ಪಾಲಿಶ್ ಆಗಿ, ಹಳೆಯ ಪೇಪರಿನ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಸಾಲುಗಟ್ಟಿರಬೇಕು. ನಾಳೆಯ ಬಟ್ಟೆ ಇಂದೇ ಇಸ್ತ್ರಿಯಾಗಿ ಕುರ್ಚಿಯ ಬೆನ್ನಿಗೆ ತೂಗಬೇಕು. ಸಂಜೆ ಅವರ ಲಿಂಗಪೂಜೆ ಮುಗಿಯುವವರೆಗೆ ನಾವು ಅಡುಗೆಮನೆಯ ನೆಲದ ಮೇಲೆ, ಬಿಸಿ ರೊಟ್ಟಿ ಮುಂದಿಟ್ಟುಕೊಂಡು, ಕೈ ತೊಡೆಯ ಮೇಲಿಟ್ಟು ಕೂತಿರಬೇಕು. ಊಟದ ಮೇಜೊಂದಿತ್ತು, ಅದರ ಮೇಲೆ ಅವ್ವ ಹಿಟ್ಟಿನ ಡಬ್ಬಿಗಳನ್ನು ಇಡುತ್ತಿದ್ದಳು. ಬೆಣ್ಣೆ ರೊಟ್ಟಿಯ ಮೇಲೆ ಕರಗಿ ಅಂಚಿಗೆ ಹರಿಯುವುದನ್ನು ನೋಡುತ್ತ ಕೂರುವುದು ನನಗೆ ಬಂದ ಮೊದಲ ವಿದ್ಯೆ. ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡಿನ ನನ್ನ ಮನೆಯಲ್ಲಿ ಈಗಲೂ ನಾಳೆಯ ಬಟ್ಟೆ ಇಂದೇ ಕುರ್ಚಿಗೆ ತೂಗುತ್ತದೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ. ಇಂಥ ಅಪ್ಪನಿಗೆ ಸೀನಿನ ನಿಯಮ ಎಷ್ಟು ಚುಚ್ಚುತ್ತಿತ್ತೆಂದರೆ, ಕೂರುವುದೇನೋ ಕೂರುತ್ತಿದ್ದರು, ಆದರೆ ಕಣ್ಣು ಕೈಗಡಿಯಾರದ ಮೇಲೆ, ಒಂದು ಮೊಣಕಾಲು ಮೇಲಕ್ಕೂ ಕೆಳಕ್ಕೂ.

"ರೋಗಿ ಟೇಬಲ್ ಮ್ಯಾಲ ಮಲಗ್ಯಾನ. ಅವಂಗೇನ ಹೇಳ್ಲಿ? ನನ್ನ ಹೇಣ್ತಿ ಸೀನಿದ್ಲು, ಅದಕ್ಕ ತಡಾ ಆತು ಅಂತ ಹೇಳ್ಲಿ?"

"ಹೇಳ್ರಿ. ಸೀನಿದ ಕೂಡ್ಲೆ ಓಡಿ ಬಂದ ಡಾಕ್ಟರ್ ಕೈಯಾಗ ಕೊಯ್ಸಿಕೊಳ್ಳೂದಕ್ಕಿಂತ ಅವಂಗೂ ಅದ ಚಲೋ."

ಈ ಮನೆಗೆ ನಾಯಿ ಬಂದದ್ದು ಬೇಲಿಯ ಮೇಲಿಂದ. ನಮ್ಮ ಸಾಲಿನ ಕೊನೆಯ ಮನೆಯ ಮಿಸ್ಟರ್ ಬ್ರೂಕ್ ಕಪ್ಪು ಲ್ಯಾಬ್ರಡಾರ್ ಸಾಕಿದ ಮುದುಕ. ಕಾಲುವೆಯಾಚೆಯ ಫಾರ್ಮಿನಲ್ಲಿ ಚಳಿಗಾಲದ ಶನಿವಾರಗಳಂದು ಬೇಟೆ ನಡೆಯುತ್ತಿತ್ತು. ಬಂದೂಕಿನವರು ಹೊಡೆದುರುಳಿಸಿದ ಹಕ್ಕಿಗಳನ್ನು ಹುಡುಕಿ ತರುವುದು ಅವನ ನಾಯಿಗಳ ಕೆಲಸ. ಅವನ ಸೊಂಟದ ಮೂಳೆಗೆ ಆಪರೇಶನ್ ಮಾಡಿದ್ದು ಅಪ್ಪ. ಉತ್ತ ಹೊಲದಲ್ಲಿ ಸದ್ಯಕ್ಕೆ ನಡೆಯಕೂಡದು ಎಂದು ಹೇಳಿದ್ದೂ ಅಪ್ಪನೇ. ಹಾಗಾಗಿ ಅವನ ನಾಯಿಯ ಕೊನೆಯ ಸೂಲಿನ ಒಂದು ಹೆಣ್ಣು ಮರಿ ತರಬೇತಿಯಿಲ್ಲದೆ ಉಳಿಯಿತು. ಅಪ್ಪನಿಗೋ, ಸೋಮವಾರಗಳಂದು ಆಸ್ಪತ್ರೆಯ ದೊಡ್ಡ ಡಾಕ್ಟರುಗಳು ಬೇಟೆಯ ಮಾತಾಡುವಾಗ ಸುಮ್ಮನೆ ಚಹಾ ಕುಡಿದು ಸಾಕಾಗಿತ್ತು. ಬಂದೂಕು ಹಿಡಿಯುವವರಲ್ಲ ಅವರು. ಆದರೆ ಒಂದು ಒಳ್ಳೆಯ ನಾಯಿ ಹಿಡಿದುಕೊಂಡು ಬೇಟೆಗಾರರ ಸಾಲಿನಲ್ಲಿ ನಿಲ್ಲಬಹುದಿತ್ತು. ಬ್ರೂಕ್ ತನ್ನ ಷರತ್ತನ್ನು ನಮ್ಮೆಲ್ಲರ ಎದುರಿಗೆ ಹೇಳಿದ.

"ಇವಳು ಸೋಫಾದ ಮೇಲೆ ಮಲಗೋಕೆ ಹುಟ್ಟಿದವಳಲ್ಲ, ಡಾಕ್ಟರ್. ಬರುವ ಬೇಸಿಗೆ ನಮ್ಮ ಕ್ಲಬ್ಬಿನ ಬೇಟೆನಾಯಿಗಳ ಪರೀಕ್ಷೆ ಇದೆ. ಹಕ್ಕಿ ತರಲು ಕಳಿಸುವವರೆಗೆ ಕೂತಿದ್ದರೆ ನಿಮ್ಮವಳು. ಕೂರದಿದ್ದರೆ ಉತ್ತರದಲ್ಲಿರೋ ನನ್ನ ತಮ್ಮನ ಫಾರ್ಮಿಗೆ. ಅವನ ಹತ್ತಿರ ಸರಪಳಿ ಇದೆ."

ಅವ್ವನ ವಿರೋಧ ಅಂದು ಸಂಜೆಯ ಊಟವನ್ನೆಲ್ಲ ನುಂಗಿತು. ತತ್ತಿಯನ್ನೂ ಒಳಗೆ ಬಿಡದ ಮನೆ ನಮ್ಮದು.

"ಸತ್ತ ಹಕ್ಕಿ ಬಾಯಾಗ ಹಿಡಿಯೂ ನಾಯಿನ ತಂದು ಲಿಂಗವಂತರ ಮನ್ಯಾಗ ಇಡ್ತೀರಿ? ನಮ್ಮ ಅಪ್ಪಗ ಗೊತ್ತಾದ್ರ ನನ್ನ ತಿರುಗಿ ಕರಕೊಂಡ ಹೋಗ್ತಾನ."

"ವಿಮಾನದ ಟಿಕೀಟು ಅವ ತಗೀತಾನೇನು?"

ಮರಿ ಬಂತು. ಜಿಂಕೆಯ ಹಾಗೆ ನೆಗೆಯುತ್ತಿದ್ದರಿಂದ ಅವ್ವನೇ ಅದನ್ನು ತನ್ನೂರಿನ ಮಾತಿನಲ್ಲಿ ಚಿಗರಿ ಎಂದಳು. ಟಿನ್ನಿನ ಮಾಂಸವೂ ಅದರ ಚಮಚವೂ ತೋಟದ ಶೆಡ್ಡಿನಲ್ಲೇ ಇರತಕ್ಕದ್ದು ಎಂದು ಕಟ್ಟುಮಾಡಿದಳು. ಚಳಿಗಾಲವಿಡೀ ನಾವು ಶಾಲೆಗೆ, ಅಪ್ಪ ಆಸ್ಪತ್ರೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅವರಿಬ್ಬರೇ. ನಾನು ಬಾಗಿಲು ತೆರೆದು ಒಳಗೆ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಅವ್ವನ ಮಾತು ನಡೆದಿರುತ್ತಿತ್ತು. ಜೋಳದ ಹಿಟ್ಟು ಸಿಗುವ ಟೂಟಿಂಗಿನ ಅಂಗಡಿಯವನ ತಕ್ಕಡಿ, ತವರಿನಿಂದ ಬಾರದ ಕಾಗದ, ಬಸುವಿನ ಕೆಮ್ಮು ಎಲ್ಲ ಆ ನಾಯಿಗೆ ವರದಿಯಾಗುತ್ತಿತ್ತು. ರೊಟ್ಟಿಯ ಅಂಚುಗಳು ಮಜ್ಜಿಗೆಯಲ್ಲಿ ನೆಂದು ಅದರ ತಟ್ಟೆ ಸೇರುತ್ತಿದ್ದವು. ಇದೆಲ್ಲ ಏನೆಂದು ಬಸು ಕೆಣಕಿದಾಗ ಅವಳು ಮುಖ ತಿರುಗಿಸದೆ ಹೇಳಿದಳು:

"ನಾ ಕನ್ನಡದಾಗ ಕೇಳಿದ್ದಕ್ಕ ಇಂಗ್ಲಿಷಿನ್ಯಾಗ ತಿರುಗಿ ಮಾತಾಡದ ಇರೋ ಜೀವ ಈ ಮನ್ಯಾಗ ಇದೊಂದ ಐತಿ."

"ದಟ್ಸ್ ನಾಟ್ ಫೇರ್," ಎಂದ ಬಸು.

"ನೋಡಿದೇನು?" ಎಂದಳು ಅವ್ವ ಚಿಗರಿಗೆ.

ತರಬೇತಿ ಶುರುವಾದ ಮೇಲೆ ಮನೆಯಲ್ಲಿ ಗಾಳಿ ಬಿಗಿಯಾಯಿತು. ಇಂಥ ನಾಯಿಗೆ ಕಲಿಸಬೇಕಾದದ್ದು ತರುವುದನ್ನಲ್ಲ. ಅದು ರಕ್ತದಲ್ಲೇ ಬಂದಿರುತ್ತದೆ. ಕಲಿಸಬೇಕಾದದ್ದು ತಡೆಯುವುದನ್ನು. ಬಂದೂಕು ಹಾರಬೇಕು, ಹಕ್ಕಿ ಬೀಳಬೇಕು, ಬಿದ್ದ ಜಾಗವನ್ನು ನಾಯಿ ಕಣ್ಣಾರೆ ಕಾಣಬೇಕು, ಆದರೂ ಹೇಳುವವರೆಗೆ ಕದಲಬಾರದು. ಹೇಳುವ ಮೊದಲೇ ಓಡಿದ ನಾಯಿ ಉಳಿದ ಹಕ್ಕಿಗಳನ್ನು ಎಬ್ಬಿಸುತ್ತದೆ, ಗುಂಡಿಗೂ ಅಡ್ಡ ಬರುತ್ತದೆ. ಹಕ್ಕಿಯ ಬದಲಿಗೆ ನಮ್ಮಲ್ಲಿ ಕ್ಯಾನ್ವಾಸಿನ ಗಟ್ಟಿ ಚೀಲವೊಂದಿತ್ತು, ಅದಕ್ಕೆ ಡಮ್ಮಿ ಎನ್ನುತ್ತಿದ್ದರು. ಬಸು ಹುಲ್ಲುಗಾವಲಿನ ಆ ತುದಿಯಲ್ಲಿ ಎರಡು ಹಲಗೆಗಳನ್ನು ಫಟ್ಟೆಂದು ಬಡಿದು ಡಮ್ಮಿಯನ್ನು ಮೇಲಕ್ಕೆ ಎಸೆಯುವನು. ಅಪ್ಪ ಚಿಗರಿಯನ್ನು ಎಡಗಡೆ ಕೂರಿಸಿಕೊಂಡು, "ಸ್ಟೇ" ಎನ್ನುವರು. ಡಮ್ಮಿ ನೆಲ ಮುಟ್ಟುವ ಮೊದಲೇ ಚಿಗರಿ ಅರ್ಧ ಹುಲ್ಲುಗಾವಲು ದಾಟಿರುತ್ತಿದ್ದಳು. ಅಪ್ಪ ಕೂಗುವರು. ಎಷ್ಟು ಜೋರಾಗಿ ಕೂಗಿದರೆ ಅಷ್ಟು ಜೋರಾಗಿ ಅವಳು ಓಡುವಳು, ತನ್ನನ್ನೇ ಹುರಿದುಂಬಿಸುತ್ತಿದ್ದಾರೆ ಎಂಬ ಹಾಗೆ. ಡಮ್ಮಿ ತಂದು ಅವರ ಬೂಟಿನ ಮೇಲಿಟ್ಟು ಬಾಲ ಆಡಿಸುವಳು. ಆ ವಾರಗಳಲ್ಲಿ ಊಟದ ಹೊತ್ತು ರೊಟ್ಟಿ ಮುರಿಯುವ ಸದ್ದೇ ದೊಡ್ಡದು. ಒಂದು ಸಂಜೆ ಬ್ರೂಕ್ ಬೇಲಿಯ ಬಳಿ ನಿಂತು, ಉತ್ತರದಿಂದ ತನ್ನ ತಮ್ಮ ಫೋನು ಮಾಡಿದ್ದ, ನಾಯಿಗೂಡು ತೊಳೆದಿಟ್ಟಿದ್ದಾನಂತೆ ಎಂದು ಹೇಳಿ ಹೋದ. ಅದನ್ನು ಹೇಳಿದ ರೀತಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಆ ರಾತ್ರಿ ನನ್ನ ಪಾಲಿನ ರೊಟ್ಟಿಯನ್ನು ಚಿಗರಿಯ ತಟ್ಟೆಗೆ ಹಾಕಿದೆ.

ಹುಲ್ಲು ಹೂ ಬಿಟ್ಟಿತು. ಒಂದು ಬೆಳಗ್ಗೆ ಅವ್ವ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹಲಗೆ ಬಡಿಯಿತು, ಡಮ್ಮಿ ಹಾರಿತು, ಅಪ್ಪ ಕೂಗಿದರು, ಚಿಗರಿ ನೆಗೆದಳು. ಅದೇ ಗಳಿಗೆಗೆ ಅವ್ವ, ಬಾಯಲ್ಲಿ ಬಟ್ಟೆಯ ಕ್ಲಿಪ್ ಕಚ್ಚಿಕೊಂಡಿದ್ದವಳು, ಸೀನಿದಳು. ಚಿಗರಿ ಓಡುತ್ತಿದ್ದ ಓಟದಲ್ಲೇ ಹಿಂಗಾಲು ಊರಿ, ಹುಲ್ಲಲ್ಲಿ ಜಾರಿ, ಕೂತುಬಿಟ್ಟಳು. ಕೂತು ಅವ್ವನ ಕಡೆಗೆ ತಲೆ ತಿರುಗಿಸಿದಳು. ಮರಿಯಾಗಿದ್ದಾಗಿನಿಂದ, ಚಳಿಗಾಲದ ನೆಗಡಿಯ ಸೀನುಗಳಿಗೂ, ಅವಳು ಹಜಾರದಲ್ಲಿ ನಮ್ಮ ಬೂಟುಗಳ ಪಕ್ಕದಲ್ಲಿ ಹೀಗೆಯೇ ಕೂತವಳಲ್ಲವೇ? ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಬಸು ನಕ್ಕು ನಕ್ಕು ಹುಲ್ಲಿನ ಮೇಲೆ ಬಿದ್ದ. ಅಪ್ಪ ನಗಲಿಲ್ಲ.

"ಅವ್ವಾ, ಡೂ ಇಟ್ ಅಗೇನ್," ಎಂದ ಬಸು.

"ಸೀನು ಏನ್ ಗಿರಣಿ ಭೋಂಗಾ ಏನೋ, ಬೇಕಂದಾಗ ಊದಾಕ? ಸುಳ್ಳ ಸೀನು ಸೀನಬಾರದು. ಆಮ್ಯಾಲ ಖರೇ ಸೀನಿಗೂ ಬೆಲಿ ಇರಂಗಿಲ್ಲ." ಅವ್ವ ಬಟ್ಟೆಯ ಬುಟ್ಟಿ ಕೆಳಗಿಟ್ಟು ಚಿಗರಿಯನ್ನೇ ನೋಡುತ್ತ ನಿಂತಳು. "ಮತ್ತ ಅಕಿ ಸೀನಿಗೆ ಕುಂತಿಲ್ಲ. ಸೀನಿದ್ರ ನಾವೆಲ್ಲಾ ಕುಂಡ್ರತೀವಿ, ಅದಕ್ಕ ಕುಂತಾಳ. ನೀವು ನಿಂತು ಒದರಿದ್ರ ಅಕಿ ಯಾಕ ಕುಂಡ್ರತಾಳ? ನೀವೂ ಕುಂಡ್ರರಿ."

"ಎಲ್ಲಿ? ಇಲ್ಲೆ? ಹುಲ್ಲಾಗ?"

"ಮತ್ತ ಕುರ್ಚಿ ಹೊತ್ತು ತರ್ಲೇನು?"

ಅಪ್ಪ ಒಳಗೆ ಹೋದರು. ಹಿಂಬಾಗಿಲು ಹಾಕಿಕೊಂಡ ಸದ್ದು ನೆರೆಯ ತೋಟಗಳಿಗೂ ಕೇಳಿಸಿತು. ಅಂದಿನಿಂದ ಚಿಗರಿಯ ಪಾಠ ಅವ್ವನದಾಯಿತು. ಅಪ್ಪ ಕೆಲಸಕ್ಕೆ ಹೋದ ಮೇಲೆ, ನಮಗೆ ಶಾಲೆಯಿಲ್ಲದ ಹೊತ್ತು ನೋಡಿ, ನಾವು ಹುಲ್ಲುಗಾವಲಿಗೆ ಇಳಿಯುತ್ತಿದ್ದೆವು. ಬಸು ಡಮ್ಮಿ ಎಸೆದ ಕೂಡಲೇ ಇದ್ದಲ್ಲೇ ಕೂರುವನು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂರುವಳು, ನಾನು ಚಿಗರಿಯ ಇನ್ನೊಂದು ಪಕ್ಕ ಕೂರುವೆ. ಡಮ್ಮಿ ದೂರದಲ್ಲಿ ಬಿದ್ದಿರುತ್ತಿತ್ತು. ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ಅವ್ವ ಸಂಜೆಗೆ ಬದನೆಕಾಯಿ ಮಾಡಬೇಕೋ ಹೆಸರುಕಾಳು ಮಾಡಬೇಕೋ ಎಂಬ ಮಾತು ತೆಗೆಯುವಳು. ಸಾಕೆನಿಸಿದಾಗ ಎದ್ದು, ಕೈ ಮುಂದೆ ಮಾಡಿ, "ತಗೊಂಬಾ" ಎನ್ನುವಳು. ಆಗಷ್ಟೇ ಚಿಗರಿ ಹೋಗುವಳು. ನನ್ನ ಅಂಗೈ ಅವಳ ಭುಜದ ಮೇಲಿರುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಕರಿಕಲ್ಲಿನಲ್ಲಿ ಕಡೆದ ನಾಯಿ. ನನ್ನ ಅಂಗೈಗೆ ಗೊತ್ತು, ಚರ್ಮದ ಕೆಳಗೆ ಅವಳು ಕುದಿಯುವ ನೀರಿನ ಪಾತ್ರೆಯ ಮುಚ್ಚಳದ ಹಾಗೆ ನಡುಗುತ್ತಿದ್ದಳು. ಸುಮ್ಮನೆ ಕೂರುವವರು ಶಾಂತವಾಗಿರುತ್ತಾರೆ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಮುಂದೆ ಆಪರೇಶನ್ ಥಿಯೇಟರಿನಲ್ಲಿ ನರ್ಸಾಗಿ ಜೀವನವೆಲ್ಲ ನಿಂತಾಗ, ಎಷ್ಟು ಕಷ್ಟದ ಹೊತ್ತಿನಲ್ಲೂ ಅಲುಗದವಳು ಎಂದು ನನ್ನನ್ನು ಹೊಗಳಿದವರಿದ್ದಾರೆ. ಅವರಲ್ಲಿ ಯಾರ ಕೈಯೂ ನನ್ನ ಭುಜದ ಮೇಲಿರಲಿಲ್ಲ.

ಒಂದು ದಿನ ಬ್ರೂಕ್ ಬೇಲಿಗೆ ಮೊಣಕೈ ಊರಿ ನಮ್ಮನ್ನು ಬಹಳ ಹೊತ್ತು ನೋಡಿದ.

"ಪಿಕ್ನಿಕ್ಕೋ?"

"ಪಾಠ," ಎಂದಳು ಅವ್ವ ಇಂಗ್ಲಿಷಿನಲ್ಲಿ.

"ಸ್ಯಾಂಡ್‌ವಿಚ್ ಕಾಣಿಸದೇ ಇದ್ದದ್ದು ಅದಕ್ಕೇ." ಪೈಪನ್ನು ಬೇಲಿಗೆ ಬಡಿದು ಖಾಲಿ ಮಾಡಿದ. "ಅವಳಿಗೆ ಬೇಜಾರು ಬರುವವರೆಗೆ ಕೂರಿಸಿ, ಮಿಸೆಸ್ ಪಾಟೀಲ. ಬೇಜಾರು ಬಂದ ನಾಯಿ ಓಡಲ್ಲ."

ದಿನ ಕಳೆದಂತೆ ಅವ್ವ ಕೂರುವುದನ್ನು ಬಿಟ್ಟಳು, ಮೊದಲು ಮಂಡಿಯೂರಿದಳು, ಆಮೇಲೆ ನಿಂತೇ ಇದ್ದಳು. ಆದರೂ ಚಿಗರಿ ಕೂತಿರುತ್ತಿದ್ದಳು. ಅಪ್ಪ ಬೇಗ ಮನೆಗೆ ಬಂದ ದಿನಗಳಲ್ಲಿ ಮಹಡಿಯ ಕಿಟಕಿಯ ಪರದೆ ಆಗಾಗ ಅಲುಗುವುದನ್ನು ನಾನು ಕಂಡಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಅಪ್ಪ ಹುಲ್ಲುಗಾವಲಿಗೆ ಬಂದು ಅವ್ವನ ಕೈಯಿಂದ ಬಾರು ತೆಗೆದುಕೊಂಡರು. ಕ್ಲಬ್ಬಿನಲ್ಲಿ ಹೆಸರು ಕೊಟ್ಟವರು ಅವರು. ಕೂಗಲಿಲ್ಲ. "ತಗೊಂಬಾ" ಎಂದೇ ಅಂದರು. ಚಿಗರಿ ಅವರಿಗೂ ಕೂತಳು, ಅವರು ಕಳಿಸಿದಾಗಲೇ ಹೋದಳು. ಮಾತಿಲ್ಲದ ಒಂದು ರಾಜಿ ಆಗಿತ್ತು ಅಷ್ಟೆ. ಸೀನಿನ ವಿಷಯ ಯಾರೂ ಎತ್ತಲಿಲ್ಲ. ಪರೀಕ್ಷೆಯ ಬೆಳಗ್ಗೆ ಕಾರಿನಲ್ಲಿ ಎತ್ತಿದವರು ಅಪ್ಪ.

"ನೀ ಕಾರಿನಾಗ ಇರು. ಗ್ಲಾಸ್ ಏರಿಸಿಕೊಂಡ ಕುಂಡ್ರು. ಹೊಲದಾಗ ಈಗಷ್ಟ ಹುಲ್ಲ ಕೊಯ್ದಾರ, ನಿನಗ ಮೂಗು ತಡಿಯಂಗಿಲ್ಲ."

"ನಾ ಕಲಿಸಿದ ನಾಯಿನ ನಾ ಗ್ಲಾಸಿನಾಗಿಂದ ನೋಡಬೇಕು?"

"ನಾಯಿ ಬೇಕಲ್ಲ ನಿನಗ?"

ಅವ್ವ ಗಾಜು ಏರಿಸಿದಳು.

ಕೊಯ್ದ ಹೊಲದಲ್ಲಿ ಚಪ್ಪಟೆ ಟೋಪಿಯ ಗಂಡಸರು, ಹಸಿರು ಕೋಟಿನ ಹೆಂಗಸರು, ಅವರ ಎಡಗಡೆ ಒಂದೊಂದು ನಾಯಿ. ಅಪ್ಪ ಆಸ್ಪತ್ರೆಗೆ ಹೋಗುವ ಸೂಟಿನಲ್ಲಿ, ಟೈ ಕಟ್ಟಿಕೊಂಡು ನಿಂತಿದ್ದರು. ನಾನೂ ಬಸುವೂ ಹಗ್ಗದಾಚೆ ಬ್ರೂಕನ ಪಕ್ಕ. ನಮಗಿಂತ ಮೊದಲಿನ ಕಂದು ನಾಯಿ ಗುಂಡಿನ ಸದ್ದಿಗೇ ಓಡಿಬಿಟ್ಟಿತು. ಅದರ ಒಡೆಯ ಅದಕ್ಕೆ ಬಾರು ಹಾಕಿ, ಯಾರ ಮುಖವನ್ನೂ ನೋಡದೆ ಕಾರುಗಳ ಕಡೆಗೆ ನಡೆದ. ಅಷ್ಟೆ, ಅದರ ಪರೀಕ್ಷೆ ಮುಗಿಯಿತು. ಆಮೇಲೆ ನಮ್ಮದು. ಬಂದೂಕು ಹಾರಿತು. ಡಮ್ಮಿ ಆಕಾಶದಲ್ಲಿ ಕಮಾನು ಕಟ್ಟಿ ಬೇಲಿಯ ಬುಡದಲ್ಲಿ ಬಿತ್ತು. ಚಿಗರಿ ಕದಲಲಿಲ್ಲ. ಇನ್ನೊಂದು ಬಿತ್ತು, ಅದನ್ನು ತರಲು ಪಕ್ಕದ ನಾಯಿಯನ್ನು ಕಳಿಸಿದರು, ಅದು ಇವಳ ಮೂಗಿನ ಮುಂದೆಯೇ ಹಾದುಹೋಯಿತು. ಕದಲಲಿಲ್ಲ. ನನ್ನ ಅಂಗೈ ತಾನಾಗಿ ಬಸುವಿನ ಭುಜ ಹಿಡಿದಿತ್ತು. ತೀರ್ಪುಗಾರ, ಉದ್ದನೆಯ ಮನುಷ್ಯ, "ನಿಮ್ಮ ಸರದಿ, ಡಾಕ್ಟರ್" ಎಂದು ಮೆಲ್ಲಗೆ ಹೇಳಿದ. ಹೇಳಿ, ಪಕ್ಕಕ್ಕೆ ತಿರುಗಿ, ಜೇಬಿನಿಂದ ದೊಡ್ಡ ಕರವಸ್ತ್ರ ತೆಗೆದು ಅದರೊಳಗೆ ಸೀನಿದ.

"ತಗೊಂಬಾ," ಎಂದರು ಅಪ್ಪ.

ಚಿಗರಿ ಕೂತೇ ಇದ್ದಳು. ಅಪ್ಪ ಮತ್ತೆ ಕೈ ಮಾಡಿದರು, ಮತ್ತೆ ಹೇಳಿದರು. ಅವಳು ಅವರ ಮುಖ ನೋಡಿದಳು, ತೀರ್ಪುಗಾರನ ಮುಖ ನೋಡಿದಳು, ಕೂತೇ ಇದ್ದಳು. ಕಳಿಸಿದರೂ ಹೋಗದ ನಾಯಿ ಓಡಿಹೋದ ನಾಯಿಯಷ್ಟೇ ಕೆಲಸಕ್ಕೆ ಬಾರದ್ದು ಎಂದು ಬ್ರೂಕ್ ನಮಗೆ ಎಷ್ಟೋ ಸಲ ಹೇಳಿದ್ದ. ಈಗ ಅವನು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ತೀರ್ಪುಗಾರ ಪೆನ್ಸಿಲು ತೆಗೆದ. ಮುಚ್ಚಿದ ಗಾಜಿನ ಹಿಂದೆ ಅವ್ವನಿಗೆ ಸೀನು ಕೇಳಿಸಿರಲಿಲ್ಲ. ನಾಯಿ ಹೋಗದಿರುವುದಷ್ಟೇ ಅವಳಿಗೆ ಕಾಣುತ್ತಿತ್ತು, ಅವಳ ಎರಡೂ ಅಂಗೈ ಗಾಜಿಗೆ ಒತ್ತಿದ್ದವು. ಅಪ್ಪ ಒಮ್ಮೆ ಆ ಕಾರಿನ ಕಡೆ ನೋಡಿದರು. ಆಮೇಲೆ ಪ್ಯಾಂಟಿನ ಇಸ್ತ್ರಿಯ ಗೆರೆಯನ್ನು ಎರಡು ಬೆರಳಲ್ಲಿ ಎತ್ತಿ, ಅಷ್ಟೂ ಜನರ ಎದುರಿಗೆ, ಕೊಯ್ದ ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಡಾಕ್ಟರ್, ಹುಷಾರಾಗಿದ್ದೀರಾ?" ತೀರ್ಪುಗಾರ ಬಾಗಿ ಕೇಳಿದ.

"ಹುಷಾರಾಗಿದ್ದೇನೆ. ಸ್ವಲ್ಪ ಹೊತ್ತು ಕೊಡಿ. ನಮ್ಮ ಮನೆಯ ಪದ್ಧತಿ."

ಅವರ ಮೊಣಕಾಲು ಅಲುಗಲಿಲ್ಲ. ಕೈಗಡಿಯಾರವನ್ನೂ ನೋಡಲಿಲ್ಲ. ಎದ್ದು, ಹಿಂದೆ ಅಂಟಿದ ಹುಲ್ಲು ಕೊಡವಿಕೊಂಡು, ಕೈ ಮುಂದೆ ಮಾಡಿ ಕಳಿಸಿದಾಗ ಚಿಗರಿ ಬಿಟ್ಟ ಬಾಣದ ಹಾಗೆ ಬೇಲಿಯ ಬುಡಕ್ಕೆ ಹೋಗಿ, ಡಮ್ಮಿ ಎತ್ತಿಕೊಂಡು, ಬಂದು ಅವರ ಮುಂದೆ ಕೂತಳು.

ಬಹುಮಾನ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಕಾರಿನ ಬಳಿ ಬ್ರೂಕ್ ಬಹಳ ಹೊತ್ತು ಪೈಪಿಗೆ ತಂಬಾಕು ತುಂಬಿದ. ನಾವೆಲ್ಲ ಅವನ ಹೆಬ್ಬೆರಳನ್ನೇ ನೋಡುತ್ತಿದ್ದೆವು.

"ಕಳಿಸುವವರೆಗೆ ಕೂತಿರಬೇಕು ಅಂದಿದ್ದೆ. ಕಳಿಸಿದ ಮೇಲೂ ಕೂತಿರಲಿ ಅಂದಿರಲಿಲ್ಲ." ಕಡ್ಡಿ ಗೀರಿದ. "ಚಳಿಗಾಲದ ಮೊದಲ ಬೇಟೆಗೆ ಕರೆತನ್ನಿ. ನಿಜವಾದ ಹಕ್ಕಿ ತಂದು ಕೈಗೆ ಕೊಟ್ಟರೆ ಇವಳು ನಿಮ್ಮವಳು. ಕೊಡದಿದ್ದರೆ ಆ ಸಂಜೆಯೇ ನನ್ನ ತಮ್ಮನ ವ್ಯಾನು."

ಚಳಿಗಾಲದ ಆ ಮೊದಲ ಬೇಟೆಯ ಶನಿವಾರ ಅಪ್ಪನಿಗೆ ಆಸ್ಪತ್ರೆಯಿಂದ ಕರೆ ಬಂತು, ಬಸ್ಸಿನ ಅಪಘಾತ. ಚಿಗರಿ ಮಾತು ಕೇಳುತ್ತಿದ್ದದ್ದು ಇಬ್ಬರದ್ದು. ಉಳಿದವಳು ಅವ್ವ. ಸೀರೆಯ ಮೇಲೆ ಅಪ್ಪನ ಮಳೆಕೋಟು, ಕಾಲಿಗೆ ಬಸುವಿನ ರಬ್ಬರ್ ಬೂಟು ಹಾಕಿಕೊಂಡು ಅವಳು ಫಾರ್ಮಿನ ಕೆಸರಿನಲ್ಲಿ ನಿಂತಳು. ಬೂಟು ಸಣ್ಣದಾಗಿತ್ತು, ಹೇಳಲಿಲ್ಲ. ನಾನು ಜೊತೆಗಿದ್ದೆ. ಕಾಡಿನ ಅಂಚಿನಿಂದ ಫೆಸೆಂಟ್ ಹಕ್ಕಿಗಳು ಒಂದೊಂದಾಗಿ ಎದ್ದವು, ಬಂದೂಕುಗಳು ಒಂದರ ಮೇಲೊಂದು ಹಾರಿದವು. ಪ್ರತಿ ಸದ್ದಿಗೂ ಅವ್ವನ ರೆಪ್ಪೆ ಮುಚ್ಚುತ್ತಿತ್ತು. ಚಿಗರಿಯದಿಲ್ಲ. ಒಂದು ಹಕ್ಕಿ ಗಾಳಿಯಲ್ಲೇ ಮುದುಡಿ, ಉತ್ತ ಹೊಲದಾಚೆ ಬಿತ್ತು. ಬ್ರೂಕ್ ಕೋಲಿನಿಂದ ಆ ಕಡೆ ತೋರಿಸಿದ. ಅವ್ವನ ಬಾಯಿಂದ "ತಗೊಂಬಾ" ಹೊರಟಿತು, ಮೆಲ್ಲಗೆ, ಮನೆಯಲ್ಲಿ ಹೇಳುವ ಹಾಗೆಯೇ.

ಚಿಗರಿ ತಂದಳು. ಉದ್ದ ಬಾಲದ, ತಾಮ್ರದ ಬಣ್ಣದ ಹಕ್ಕಿ. ಕುತ್ತಿಗೆ ಒಂದು ಕಡೆಗೆ ಜೋತಿತ್ತು, ಎದೆಯ ಗರಿಯ ಮೇಲೆ ಒಂದು ಕೆಂಪು ಹನಿ. ಅವಳು ಅವ್ವನ ಮುಂದೆ ಕೂತು, ಮುಖ ಎತ್ತಿ ಹಿಡಿದಳು. ಅವ್ವನ ಎರಡೂ ಕೈ ಕೋಟಿನ ಜೇಬಿನಲ್ಲಿದ್ದವು. ಬ್ರೂಕ್ ನೋಡುತ್ತಿದ್ದ, ಟೋಪಿಯವರೂ ನೋಡುತ್ತಿದ್ದರು. ತೆಗೆದುಕೊಳ್ಳುವವರು ತಡಮಾಡಿದರೆ ನಾಯಿ ಹಕ್ಕಿಯನ್ನು ಕೆಳಗೆ ಹಾಕುತ್ತದೆ, ಹಾಕಿದರೆ ಮುಗಿಯಿತು. ನಾನು ತೆಗೆದುಕೊಳ್ಳಲೆಂದು ಒಂದು ಹೆಜ್ಜೆ ಇಟ್ಟೆ.

"ನೀ ಬ್ಯಾಡ," ಎಂದಳು ಅವ್ವ. "ಅದು ನನಗ ಕೊಡಾಕತ್ತೈತಿ."

ಜೇಬಿನಿಂದ ಕೈ ತೆಗೆದು, ಎರಡೂ ಅಂಗೈಗಳನ್ನು ಜೋಡಿಸಿ, ಹೆರಿಗೆಯ ಕೋಣೆಯಲ್ಲಿ ಕೂಸನ್ನು ಇಸಿದುಕೊಳ್ಳುವ ಹಾಗೆ ಕೆಳಗೆ ಹಿಡಿದಳು. ಮುಖ ತಿರುಗಿಸುತ್ತಾಳೆ ಎಂದುಕೊಂಡಿದ್ದೆ, ತಿರುಗಿಸಲಿಲ್ಲ. ಚಿಗರಿ ಬಾಯಿ ಸಡಿಲಿಸಿದಳು. ಹಕ್ಕಿಯ ಭಾರಕ್ಕೆ ಅವ್ವನ ಮಣಿಕಟ್ಟು ಸ್ವಲ್ಪ ಕುಸಿದು, ಮತ್ತೆ ನೆಟ್ಟಗಾಯಿತು.

"ಇನ್ನೂ ಬಿಸಿ ಐತಲ್ಲ," ಎಂದಳು ನನಗೆ ಮಾತ್ರ ಕೇಳುವಂತೆ.

ಬ್ರೂಕ್ ಟೋಪಿ ತೆಗೆದು, ಹಕ್ಕಿಯನ್ನು ಇಸಿದುಕೊಂಡ. "ನಿಮ್ಮವಳು, ಮಿಸೆಸ್ ಪಾಟೀಲ," ಎಂದ.

ಮನೆಗೆ ಬಂದು ಅವಳು ತಲೆಯ ಮೇಲೆ ನೀರು ಹಾಕಿಕೊಂಡಳು. ಬಹಳ ಹೊತ್ತು ಹಾಕಿಕೊಂಡಳು. ಬಿಸಿನೀರು ತೀರಿ ಕೊಳವೆ ಸದ್ದು ಮಾಡತೊಡಗಿದ ಮೇಲೂ ನಿಲ್ಲಿಸಲಿಲ್ಲ. ಅಪ್ಪ ಆಸ್ಪತ್ರೆಯಿಂದ ಬಂದು ಹಿಂಬಾಗಿಲಲ್ಲಿ ನಿಂತಾಗ ಅವಳು ಒದ್ದೆ ಕೂದಲನ್ನು ಬೆನ್ನ ಮೇಲೆ ಬಿಟ್ಟುಕೊಂಡು ರೊಟ್ಟಿ ಬಡಿಯುತ್ತಿದ್ದಳು. ಮೂಲೆಯಲ್ಲಿ ಮಲಗಿದ್ದ ಚಿಗರಿಯನ್ನು ಕಂಡು ಅವರ ಮುಖದ ಬಿಗಿ ಸಡಿಲಿತು. ಆಮೇಲೆ ಏನೋ ಹೊಳೆದವರಂತೆ ಅವ್ವನ ಕೈಗಳ ಕಡೆ ನೋಡಿದರು.

"ಹಕ್ಕಿ ಯಾರ ತಗೊಂಡ್ರು?"

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ನಾಯಿ ಕೊಡ್ತು, ನಾ ತಗೊಂಡೆ," ಎಂದಳು. "ಕೈಕಾಲ ತೊಳಕೊಂಡ ಬರ್ರಿ, ಆರತೈತಿ."